ಚೆಲ್ಲಿದೆ ಎಂದು ಬರೆದ ಔಷಧಿ

ಹಾಳೆ ಸಿಸ್ಟರ್ ಎಂದು ಅವಳಿಗೆ ಹೆಸರಿಟ್ಟದ್ದು ಹಂಗಿಸುವುದಕ್ಕೆ. ಮಕ್ಕಳ ಐಸಿಯುವಿಗೆ ಮುಖ್ಯ ಸಿಸ್ಟರ್ ಆಗಿ ಬಂದ ಮೊದಲ ವಾರವೇ ಆರು ಹಾಸಿಗೆಗಳ ಕಾಲ ಬುಡದಲ್ಲಿ ಒಂದೊಂದು ರಟ್ಟು ನೇತುಹಾಕಿ, ಅದಕ್ಕೆ ಒಂದೊಂದು ಹಾಳೆ ಸಿಕ್ಕಿಸಿದಳು. ನಾಲ್ಕು ಗಂಟೆಗೊಮ್ಮೆ ಪ್ರತಿ ಮಗುವಿನ ನಿದ್ದೆಯನ್ನು ಅಳೆದು ಅದರಲ್ಲಿ ಬರೆಯಬೇಕು ಎಂದಳು.

“ನಿದ್ದೆ ಅಳೆಯೋಕೆ ಟೇಪು ಕೊಡ್ತೀರಾ ಸಿಸ್ಟರ್, ಇಲ್ಲ ಸೇರು ಪಾವು ಕೊಡ್ತೀರಾ?” ಎಂದು ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು. ಆ ವಾರ್ಡಿನ ಆಯಾ ನಾನು; ನಾನೂ ನಕ್ಕೆ.

“ಕಣ್ಣು, ಬಾಯಿ, ಕೈ ಇದೆಯಲ್ಲ, ಅದರಲ್ಲೇ ಅಳೀರಿ,” ಎಂದಳು ಅವಳು.

ಅವಳು ಅಳೆಯುವ ಕ್ರಮ ನನಗೆ ಇವತ್ತಿಗೂ ಬಾಯಿಪಾಠ. ಮೊದಲು ಏನೂ ಮುಟ್ಟದೆ ಸುಮ್ಮನೆ ನಿಂತು ನೋಡುವುದು. ಆಮೇಲೆ ಹೆಸರು ಹಿಡಿದು ಕರೆಯುವುದು. ಏಳದಿದ್ದರೆ ಭುಜ ಮುಟ್ಟುವುದು. ಕೊನೆಗೆ ಗಂಟಲಿನ ಪೈಪಿನಿಂದ ಕಫ ಎಳೆಯುವಾಗ ಮಗು ಕೆಮ್ಮುತ್ತದೆಯೇ ಎಂದು ನೋಡುವುದು. ಎಚ್ಚರವಿದ್ದು ನೆಮ್ಮದಿಯಾಗಿದ್ದರೆ ಸೊನ್ನೆ. ಒದ್ದಾಡಿದರೆ ಸೊನ್ನೆಯ ಮೇಲೆ ಒಂದು, ಎರಡು. ನಿದ್ದೆ ಆಳಕ್ಕೆ ಹೋದಷ್ಟೂ ಸೊನ್ನೆಯ ಕೆಳಗೆ ಒಂದು, ಎರಡು, ಮೂರು. ಕೆಳಗೆ ಮೂರು ಎಂದರೆ ಚಿವುಟಿದರೂ ಅರಿವಿಲ್ಲ, ಕೆಮ್ಮೂ ಇಲ್ಲ.

ಉಸಿರಿನ ಯಂತ್ರ ಹಾಕಿದ ಮಗುವಿಗೆ ನೋವು, ಭಯ ಆಗಬಾರದೆಂದು ನಿದ್ದೆಯ ಔಷಧಿ ಪಂಪಿನಿಂದ ಹನಿಹನಿಯಾಗಿ ಹೋಗುತ್ತಿರುತ್ತದೆ. ನಿದ್ದೆ ಬೇಕಾದ್ದಕ್ಕಿಂತ ಹೆಚ್ಚಾದರೆ ಔಷಧಿಯನ್ನು ಹತ್ತರಲ್ಲೊಂದು ಪಾಲು ಇಳಿಸಬೇಕು. ಮಗು ಒದ್ದಾಡಿದರೆ ತಕ್ಷಣ ಏರಿಸಕೂಡದು. ಬಟ್ಟೆ ಒದ್ದೆಯಾಗಿದೆಯೇ, ಪೈಪು ಎಳೆಯುತ್ತಿದೆಯೇ, ಎಲ್ಲಾದರೂ ನೋವಿದೆಯೇ ಎಂದು ಮೊದಲು ಹುಡುಕಬೇಕು. ಡಾಕ್ಟರನ್ನು ಕಾಯದೆ ಸಿಸ್ಟರುಗಳೇ ಇಷ್ಟನ್ನು ಮಾಡಬಹುದು ಎಂದು ದೊಡ್ಡ ಡಾಕ್ಟರ ಸಹಿ ಹಾಕಿಸಿಕೊಂಡು ಬಂದಿದ್ದಳು. ಅವರು ಓದದೆ ಸಹಿ ಹಾಕಿದ್ದರು ಎಂದು ನನ್ನ ಗುಮಾನಿ.

ಅವಳ ಮನೆ ನಮ್ಮ ಗಲ್ಲಿಯಲ್ಲೇ, ನಮ್ಮ ಮನೆಯಿಂದ ಮೂರನೆಯದು. ಗಂಡನಿಗೆ ಮೂಲೆಯಲ್ಲಿ ಎರಡು ಕುರ್ಚಿಯ ಕ್ಷೌರದಂಗಡಿ. ಮಕ್ಕಳಿಲ್ಲ. ಅತ್ತೆಗೆ ಮಂಡಿನೋವು, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ. ಬಾಗಿಲಲ್ಲಿ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು: “ಬೇರೆಯವರ ಸೊಸೆಯಂದಿರು ಮಕ್ಕಳನ್ನ ಮಲಗಿಸ್ತಾರೆ. ನನ್ನ ಸೊಸೆ ಮಲಗಿರೋ ಮಕ್ಕಳನ್ನ ಎಬ್ಬಿಸಿ ಸಂಬಳ ತಗೊಳ್ತಾಳೆ.”

“ನಿಮ್ಮನ್ನ ಎಬ್ಬಿಸೋಕೆ ಮಾತ್ರ ಯಾರೂ ಸಂಬಳ ಕೊಡಲ್ಲ ಅತ್ತೆ, ಎಂಟು ಗಂಟೆಯಾದ್ರೂ ಧರ್ಮಕ್ಕೇ ಎಬ್ಬಿಸ್ಬೇಕು,” ಎಂದು ಇವಳು ಒಳಗಿನಿಂದ ಉತ್ತರ ಕೊಡುವಳು. ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಗುವಳು. ಅವರಿಬ್ಬರ ಜಗಳ ನೋಡಲು ಚೆಂದ. ಸಂಜೆ ಅದೇ ಸೊಸೆ ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತಾ, ಎಲ್ಲಿ ಒತ್ತಿದರೆ ಮುಖ ಕಿವುಚುತ್ತದೆ ಎಂದು ನೋಡಿಕೊಂಡು, ಅಲ್ಲಿ ಕೈ ಹಗುರ ಮಾಡುತ್ತಿದ್ದಳು. ಅವಳು ಮುಖ ನೋಡದೆ ಯಾರ ಮೈಯನ್ನೂ ಮುಟ್ಟುತ್ತಿರಲಿಲ್ಲ.

ಹೇಸಿಗೆ ಎಂದರೆ ಮಲಮೂತ್ರ ಎಂದು ಜನ ತಿಳಿದಿದ್ದಾರೆ. ಇಪ್ಪತ್ತಮೂರು ವರ್ಷ ಮಕ್ಕಳ ಕಕ್ಕ, ವಾಂತಿ, ಕಫ ಬಳಿದವಳು ನಾನು. ಅದರಿಂದ ಒಂದು ಹೊತ್ತೂ ನನಗೆ ಊಟ ಸೇರದೆ ಹೋಗಿಲ್ಲ. ನನಗೆ ವಾಕರಿಕೆ ತಂದದ್ದು ಒಂದು ಮಾತು. ಆ ಮಾತು ಜೋಗುಳ.

ದೊಡ್ಡ ಡಾಕ್ಟರು ಬೆಳಿಗ್ಗೆ ಹತ್ತಕ್ಕೆ ರೌಂಡ್ಸ್ ಬರುತ್ತಿದ್ದರು. ಹಿಂದೆ ಎಂಟು ಹತ್ತು ಜನ ಕಲಿಯುವ ಡಾಕ್ಟರುಗಳು. ಆ ಹೊತ್ತಿಗೆ ಒಂದು ಮಗು ಕೈಕಾಲು ಬಡಿದರೂ ಅವರ ಹುಬ್ಬು ಗಂಟಾಗುತ್ತಿತ್ತು. ಅದಕ್ಕೇ ಹಿಂದಿನಿಂದಲೂ ಒಂದು ರೂಢಿ. ಒಂಬತ್ತೂವರೆಗೆ ಗಲಾಟೆಯ ಮಕ್ಕಳಿಗೆ ಒಂದಿಷ್ಟು ನಿದ್ದೆ ಔಷಧಿಯನ್ನು ಕೈಯಿಂದಲೇ ಸಿರಿಂಜಿನಲ್ಲಿ ಹಾಕಿಬಿಡುವುದು. “ಜೋಗುಳ ಆಯ್ತೇನೇ?” ಎಂದು ಒಬ್ಬರನ್ನೊಬ್ಬರು ಕೇಳುವರು. ಹತ್ತಕ್ಕೆ ಬಂದವರು ಸಾಲಾಗಿ ಗೊಂಬೆಗಳಂತೆ ಮಲಗಿದ ಮಕ್ಕಳನ್ನು ನೋಡಿ, “ಎಷ್ಟು ಶಾಂತವಾಗಿದೆ ನೋಡಿ ನಮ್ಮ ಐಸಿಯು!” ಎನ್ನುವರು. ಥೂ. ಅಳಲಾಗದ ಮಗುವನ್ನು ತೋರಿಸಿ ಹೊಗಳಿಸಿಕೊಳ್ಳುವುದು. ನೆಲ ಒರೆಸಲು ಅನುಕೂಲ ಎಂದು ನಾನೂ ಎಷ್ಟೋ ಸಲ, “ಆ ಐದನೇದಕ್ಕೂ ಒಂಚೂರು ಹಾಕ್ರಮ್ಮ,” ಎಂದಿದ್ದೇನೆ. ಹೇಳಿಬಿಡಬೇಕು ಅದನ್ನೂ.

ಹಾಳೆ ಸಿಸ್ಟರ್ ಬಂದ ಮೇಲೆ ಇದು ಅವಳ ಕಣ್ಣಿಗೆ ಬಿತ್ತು. “ಇನ್ನೊಂದು ಸಲ ನನ್ನ ವಾರ್ಡಲ್ಲಿ ಜೋಗುಳ ಅಂತ ಯಾರಾದ್ರೂ ಅಂದ್ರೆ, ಅವರ ತೋಳಿಗೇ ಚುಚ್ಚಿ ಮಲಗಿಸ್ತೀನಿ,” ಎಂದಳು. ನಿಂತಿತು. ನಿಂತಿತು ಎಂದು ಅವಳು ತಿಳಿದಳು.

ಮೂರನೇ ಹಾಸಿಗೆಗೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಬಂದಳು. ಎದೆಯಲ್ಲಿ ಸೋಂಕು, ಎರಡೂ ಕಡೆ ಕಫ ಕಟ್ಟಿ ಉಸಿರು ನಿಲ್ಲುವ ಹಾಗಾಗಿ ಯಂತ್ರಕ್ಕೆ ಹಾಕಿದ್ದರು. ತಂದೆ ಬಸ್ ಕಂಡಕ್ಟರು, ತಾಯಿ ಹೊಲಿಗೆಯವಳು. ಹಾಳೆ ಸಿಸ್ಟರ್ ತಾಯಿಯನ್ನು ಕೇಳಿದ ಮೊದಲ ಪ್ರಶ್ನೆ, “ಮನೇಲಿ ಏನಂತ ಕರೀತೀರಿ?”

ತಾಯಿ ನಾಚಿಕೊಂಡಳು. “ಕಪ್ಪೆಮರಿ ಅಂತೀವಿ ಸಿಸ್ಟರ್. ಒಂದು ಕಡೆ ನಿಲ್ಲಲ್ಲ, ಕುಪ್ಪಳಿಸ್ತಾನೇ ಇರ್ತಾಳೆ.”

ಅವತ್ತಿನಿಂದ ನಾಲ್ಕು ಗಂಟೆಗೊಮ್ಮೆ ಆ ಹಾಸಿಗೆಯ ಬಳಿ ಇವಳ ದನಿ: “ಕಪ್ಪೆಮರೀ, ಓ ಕಪ್ಪೆಮರೀ, ಕಣ್ಣು ಬಿಡು ನೋಡೋಣ.” ಕಲಿಯುವ ಡಾಕ್ಟರುಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುವರು. ಇವಳು ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಐದನೇ ದಿನಕ್ಕೆ ಎದೆ ತಿಳಿಯಾಗತೊಡಗಿತು. ಪಂಪಿನ ಔಷಧಿಯನ್ನು ಹತ್ತರಲ್ಲೊಂದು ಪಾಲಿನಂತೆ ಇಳಿಸುತ್ತಾ ಬಂದಳು. ಆರನೇ ದಿನ ರೌಂಡ್ಸ್ ಹೊತ್ತಿಗೆ ಹುಡುಗಿ ಚೆನ್ನಾಗಿಯೇ ಎಚ್ಚರಗೊಂಡು, ಕಾಲೆತ್ತಿ ಹಾಸಿಗೆಗೆ ಬಡಿದಳು, ಪೈಪಿನ ಕಡೆಗೆ ಕೈ ಒಯ್ದಳು. ಅಲ್ಲಿ ನಿಂತಿದ್ದ ಹೊಸ ಸಿಸ್ಟರಿಗೆ ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ದೊಡ್ಡ ಡಾಕ್ಟರು ಎಲ್ಲರೆದುರು ಅವಳ ಮೇಲೆ ಹಾಯ್ದರು. “ಇದೇನು ಐಸಿಯುನೋ, ಆಟದ ಮೈದಾನನೋ? ಪೈಪು ಕಿತ್ಕೊಂಡ್ರೆ ನಿಮ್ಮಪ್ಪ ಬಂದು ಹಾಕ್ತಾನಾ?”

ಅವಳು ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ಅತ್ತಳು. ಹಳಬರು ಸುತ್ತ ಸೇರಿ ಉಪಾಯ ಹೇಳಿಕೊಟ್ಟರು. ಒಂಬತ್ತರಿಂದ ಹತ್ತರವರೆಗೆ ಹಾಳೆ ಸಿಸ್ಟರ್ ವರದಿ ಹಿಡಿದು ದೊಡ್ಡ ಡಾಕ್ಟರ ಕೋಣೆಯ ಮೀಟಿಂಗಿನಲ್ಲಿರುತ್ತಾಳೆ. ಬೇರೆ ಮಕ್ಕಳಿಗೆ ಒಡೆದ ಬುಡ್ಡಿಯಲ್ಲಿ ಅರ್ಧದಷ್ಟು ಔಷಧಿ ಉಳಿಯುತ್ತದೆ. ಉಳಿದದ್ದನ್ನು ಇಬ್ಬರು ನೋಡಿ, ಚೆಲ್ಲಿ, ಔಷಧಿ ಲೆಕ್ಕದ ಪುಸ್ತಕದಲ್ಲಿ ‘ಚೆಲ್ಲಿದೆ’ ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ಬರೆದರಾಯಿತು, ಚೆಲ್ಲುವುದೇಕೆ? ಪುಸ್ತಕ ಸರಿಯಾಗಿರುತ್ತದೆ, ಬುಡ್ಡಿಗಳ ಸಂಖ್ಯೆ ಸರಿಯಾಗಿರುತ್ತದೆ, ಮೂರನೇ ಹಾಸಿಗೆ ಶಾಂತವಾಗಿರುತ್ತದೆ.

ಹೀಗೆ ಏಳನೇ ದಿನ ಶುರುವಾಯಿತು. ನಾನು ಬುಡ್ಡಿಗಳ ಡಬ್ಬ ಹಿಡಿದು ಎರಡಡಿ ದೂರದಲ್ಲಿ ನಿಂತಿದ್ದೆ. ಹೊಸ ಸಿಸ್ಟರ್ ಹುಡುಗಿಯ ಹಣೆ ಸವರುತ್ತಾ, “ಪಾಪ, ನಿದ್ದೆ ಮಾಡು ಕಂದಾ,” ಎಂದು ಹಾಕಿದಳು. ಆ ‘ಪಾಪ’ ಕೇಳಿಯೂ ನಾನು ಡಬ್ಬವನ್ನು ಮುಂದೆ ಹಿಡಿದೆ; ಖಾಲಿ ಬುಡ್ಡಿ ಅದರಲ್ಲಿ ಬಿತ್ತು.

ಯಂತ್ರವನ್ನು ಇಳಿಸಿ ಮಗು ತಾನಾಗಿ ಉಸಿರಾಡುತ್ತದೆಯೇ ಎಂದು ಪರೀಕ್ಷಿಸುವುದು ರೌಂಡ್ಸ್ ಮುಗಿದ ಕೂಡಲೇ, ಹತ್ತೂವರೆಗೆ. ಒಂಬತ್ತೂವರೆಯ ಔಷಧಿ ಮೈಗೆಲ್ಲ ಹತ್ತಿರುವ ಹೊತ್ತು ಅದು. ಯಂತ್ರ ಇಳಿಸಿದರೆ ಹುಡುಗಿಯ ಎದೆ ಏಳುವುದೇ ಇಲ್ಲ. ಏಳನೇ ದಿನವೂ ಇಲ್ಲ, ಎಂಟನೇ ದಿನವೂ ಇಲ್ಲ, ಒಂಬತ್ತನೇ ದಿನವೂ ಇಲ್ಲ. ಸೋಂಕಿನಿಂದ ಅವಳ ಮೂತ್ರಪಿಂಡಗಳೂ ಸೋತಿದ್ದರಿಂದ ಔಷಧಿ ಬೇಗ ಹೊರಗೂ ಹೋಗುತ್ತಿರಲಿಲ್ಲ. ಮೂತ್ರ ಎಷ್ಟಾಯಿತೆಂದು ಒದ್ದೆ ಬಟ್ಟೆ ತೂಗುವವಳು ನಾನೇ, ನನಗೆ ಗೊತ್ತು. ಹಾಳೆಯಲ್ಲಿ ಬೆಳಿಗ್ಗೆ ಆರಕ್ಕೆ ಸೊನ್ನೆಯ ಕೆಳಗೆ ಒಂದು, ಹತ್ತಕ್ಕೆ ಮೂರು, ಎರಡಕ್ಕೂ ಮೂರು.

ಹಾಳೆ ಸಿಸ್ಟರ್ ತಲೆ ಕೆಡಿಸಿಕೊಂಡಳು. ಪಂಪನ್ನು ಬಿಚ್ಚಿ ನೋಡಿದಳು, ಬೇರೆ ಪಂಪು ತರಿಸಿದಳು. ಸಿರಿಂಜಿನ ಗೆರೆಗಳನ್ನು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ಓದಿದಳು. “ಬೆಳಿಗ್ಗೆ ಎಚ್ಚರದ ಹತ್ತಿರ ಬರ್ತಾಳೆ ಕಪ್ಪೆಮರಿ, ಹತ್ತು ಗಂಟೆಗೆ ಎಲ್ಲಿಗೋ ಹೊರಟುಹೋಗ್ತಾಳೆ. ನಾನೇ ಎಲ್ಲೋ ತಪ್ಪು ಅಳೀತಿದೀನಿ,” ಎಂದಳು. ನಾನು ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದೆ. ಹಿಂಡುತ್ತಲೇ ಇದ್ದೆ.

ತಲೆಯ ಸ್ಕ್ಯಾನು ಮಾಡಿಸಿದರು. ಏನೂ ಇರಲಿಲ್ಲ. ಆದರೂ ದೊಡ್ಡ ಡಾಕ್ಟರು ತೀರ್ಮಾನ ಕೊಟ್ಟರು: “ಪಂಪು ಇಷ್ಟು ಕಡಿಮೆ ಇದ್ದೂ ಏಳ್ತಿಲ್ಲ ಅಂದ್ರೆ ಮಿದುಳಿಗೇ ಪೆಟ್ಟಾಗಿದೆ. ಇನ್ನು ಎಷ್ಟು ತಿಂಗಳು ಯಂತ್ರ ಬೇಕೋ. ಗುರುವಾರ ಗಂಟಲಿಗೆ ತೂತು ಮಾಡಿ ಅಲ್ಲಿಂದ ಪೈಪು ಹಾಕೋಣ.” ಆಮೇಲೆ ಹಾಳೆಯನ್ನು ಬೆರಳಿನಿಂದ ಚಿಮ್ಮಿ, “ನಿಮ್ಮ ಹಾಳೆಯೂ ಅದನ್ನೇ ಹೇಳ್ತಿದೆಯಲ್ಲ ಸಿಸ್ಟರ್,” ಎಂದರು.

ಕಲಿಯುವ ಡಾಕ್ಟರುಗಳು ಬರೆದುಕೊಂಡರು. ಹೊಸ ಸಿಸ್ಟರ್ ನೆಲ ನೋಡುತ್ತಿದ್ದಳು. ತಾನು ಹಾಕಿದ್ದು ರೌಂಡ್ಸ್ ಮುಗಿಯುವಷ್ಟರಲ್ಲಿ ಇಳಿದಿರುತ್ತದೆ ಎಂದು ಅವಳು ನಂಬಿದ್ದಳೋ, ನಂಬಿದಂತೆ ಇದ್ದಳೋ, ಕೇಳುವ ಮನಸ್ಸು ನನಗೆ ಈಗಲೂ ಇಲ್ಲ.

ಬುಧವಾರ ಮಧ್ಯಾಹ್ನ ಕಂಡಕ್ಟರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಬಂದರು. ಡ್ಯೂಟಿಯ ಬಟ್ಟೆಯಲ್ಲೇ ಇದ್ದರು. ಪೆನ್ನು ಹಿಡಿದು, “ತೂತು ಮಾಡಿದ್ಮೇಲೆ ಮಾತಾಡ್ತಾಳಾ?” ಎಂದು ಕೇಳಿದರು. ಕಲಿಯುವ ಡಾಕ್ಟರೊಬ್ಬ, “ಸದ್ಯಕ್ಕೆ ಇಲ್ಲ. ಆಮೇಲೆ ನೋಡೋಣ,” ಎಂದ. ಕಂಡಕ್ಟರು ಹೆಂಡತಿಯ ಮುಖ ನೋಡಿದರು. “ಬಾಯಿ ಮುಚ್ಚೇ ಅಂತ ದಿನಕ್ಕೆ ನೂರು ಸಲ ಬೈತಿದ್ದೆ,” ಎಂದಳು ಆಕೆ. ಅವರು ಸಹಿ ಹಾಕಿದರು.

ನನಗೆ ಆಗ ನನ್ನ ಮೈಯಿಂದಲೇ ಕೊಳೆತ ವಾಸನೆ ಬಂದಂತಾಯಿತು. ಹೋಗಿ ಮೊಣಕೈವರೆಗೆ ಸೋಪು ಹಾಕಿ ತೊಳೆದೆ. ವಾಸನೆ ಹೋಗಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಹಾಳೆ ಸಿಸ್ಟರ್ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಹೇಳಿಬಿಟ್ಟೆ.

ಅವಳು ಕೂಗಲಿಲ್ಲ. ಚಪ್ಪಲಿ ಅರ್ಧ ಹಾಕಿದ ಕಾಲು ಹಾಗೇ ನಿಂತಿತು.

“ಯಾವತ್ತಿಂದ?”

“ಏಳನೇ ದಿನದಿಂದ. ಮೂರು ದಿನ. ಇವತ್ತೂ ಸೇರಿ ನಾಲ್ಕು.”

“ಎಷ್ಟು ಹೊತ್ತಿಗೆ?”

“ಒಂಬತ್ತೂವರೆಗೆ. ನೀವು ಮೀಟಿಂಗಲ್ಲಿ ಇರೋವಾಗ.”

“ಎಷ್ಟು?”

“ಸಣ್ಣ ಸಿರಿಂಜಲ್ಲಿ ಮೊದಲ ದಿನ ಎರಡು ಗೆರೆ. ಆಮೇಲೆ ಮೂರು. ನಿನ್ನೆ, ಇವತ್ತು ನಾಲ್ಕು.”

“ನಿಮಗೆ ಗೊತ್ತಿತ್ತು.”

“ಹ್ಞೂಂ.”

“ನಾನು ಮೂರು ದಿನ ಪಂಪು ಬಿಚ್ಚಿ ಬಿಚ್ಚಿ ನೋಡ್ತಿದ್ದಾಗ, ಗೊತ್ತಿತ್ತು.”

ಅವಳು ಅಲ್ಲಿದ್ದ ಸಿಂಕಿಗೆ ಬಗ್ಗಿ ಉಗಿದಳು. ನಲ್ಲಿ ತಿರುಗಿಸಿ ತೊಳೆದಳು. “ಮನೆಗೆ ಹೋಗಿ ಅತ್ತೆಗೆ ಹೇಳಿ, ನಾನು ಬರೋದು ತಡ ಅಂತ,” ಎಂದು ವಾರ್ಡಿಗೆ ವಾಪಸ್ಸು ಹೋದಳು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಮೀಟಿಂಗಿಗೆ ಹೋಗಲಿಲ್ಲ. ಮೂರನೇ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ದೊಡ್ಡ ಡಾಕ್ಟರ ಕೋಣೆಯಿಂದ ಎರಡು ಸಲ ಕರೆ ಬಂತು. “ಬರಲ್ಲ ಅಂತ ಹೇಳು,” ಎಂದಳು. ಹೊಸ ಸಿಸ್ಟರ್ ಸಿರಿಂಜಿನ ಬಟ್ಟಲು ಹಿಡಿದು ಹತ್ತಿರ ಬಂದವಳು ಇವಳ ಮುಖ ನೋಡಿ ಹಿಂದಕ್ಕೆ ಸರಿದಳು.

ಒಂಬತ್ತೂಮುಕ್ಕಾಲಕ್ಕೆ ಹುಡುಗಿಯ ರೆಪ್ಪೆ ಅಲುಗಿತು. “ಕಪ್ಪೆಮರೀ,” ಎಂದಳು ಸಿಸ್ಟರ್, ಮೆಲ್ಲಗೆ. ಹುಡುಗಿ ಕಣ್ಣು ಬಿಟ್ಟಳು. ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯಿತು. ಕೈ ಪೈಪಿನತ್ತ ಏಳುವಷ್ಟರಲ್ಲಿ ಅದನ್ನು ತನ್ನ ಕೈಯಲ್ಲಿ ತಗೊಂಡು, “ಗೊತ್ತು, ಗೊತ್ತು, ಕೆಟ್ಟದಾಗಿದೆ ಅದು. ಅದನ್ನ ತೆಗೆಯೋಣ. ನೀನು ಉಸಿರಾಡಿ ತೋರಿಸ್ಬೇಕು ಅಷ್ಟೆ. ನನ್ನ ಬೆರಳು ಹಿಡ್ಕೋ. ಗಟ್ಟಿಯಾಗಿ. ಇಷ್ಟೇನಾ ಶಕ್ತಿ?” ಎಂದಳು. ಹುಡುಗಿ ಬೆರಳು ಹಿಡಿದಳು.

ಹತ್ತಕ್ಕೆ ಹಿಂಡು ಬಂತು. ಹುಡುಗಿ ಕಾಲು ಬಡಿಯುತ್ತಿದ್ದಳು. ಯಂತ್ರ ಪೀಂ ಪೀಂ ಎನ್ನುತ್ತಿತ್ತು.

“ಏನಿದು ಗಲಾಟೆ? ಇವತ್ತು ಇವಳಿಗೆ ಆಪರೇಷನ್ ಇದೆ!” ಎಂದರು ದೊಡ್ಡ ಡಾಕ್ಟರು.

“ಎದ್ದಿದಾಳೆ ಸರ್. ಉಸಿರಾಟದ ಪರೀಕ್ಷೆ ಈಗಲೇ ಮಾಡಿ.”

“ನಾಲ್ಕು ದಿನ ಫೇಲಾಗಿದೆ.”

“ನಾಲ್ಕು ದಿನ ನಾವು ಮಲಗಿಸಿದ್ವಿ ಸರ್, ನಿಮಗೆ ತೋರಿಸೋಕೆ.”

ದೊಡ್ಡ ಡಾಕ್ಟರು ಹೊಸ ಸಿಸ್ಟರನ್ನು ನೋಡಿದರು, ಪುಸ್ತಕ ನೋಡಿದರು, ಆಮೇಲೆ ತಮ್ಮ ಬೂಟು ನೋಡಿಕೊಂಡರು. ಎಳೆಯ ಡಾಕ್ಟರೊಬ್ಬಳು ಯಾರ ಅಪ್ಪಣೆಯನ್ನೂ ಕಾಯದೆ ಯಂತ್ರದ ಬಳಿ ಹೋಗಿ ಗುಂಡಿ ತಿರುಗಿಸಿದಳು. ಹುಡುಗಿಯ ಎದೆ ಎದ್ದಿತು. ಇಳಿಯಿತು. ಮತ್ತೆ ಎದ್ದಿತು. ಎರಡು ಗಂಟೆ ಹಾಗೇ ನೋಡಿದರು. ಹನ್ನೆರಡೂ ಹತ್ತಕ್ಕೆ ಪೈಪು ತೆಗೆದರು. ಹುಡುಗಿ ಕಫ ಕಕ್ಕಿ, ಹರಿದ ಬಟ್ಟೆಯಂಥ ದನಿಯಲ್ಲಿ ಅತ್ತಳು. ದನಿ ಸಣ್ಣದು. ಆದರೂ ಆರು ಹಾಸಿಗೆಗೂ ಕೇಳಿಸಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನನಗೂ ಚೆನ್ನಾಗಿತ್ತು. ಒಂದು ಗಂಟೆಗೆ ದೊಡ್ಡ ಡಾಕ್ಟರು ಅವಳನ್ನು ಕಿಟಕಿಯ ಬಳಿ ಕರೆದರು. ನಾನು ಅಲ್ಲೇ ನೆಲ ಒರೆಸುತ್ತಿದ್ದೆ. ಆಯಾ ಎಂದರೆ ಅವರ ಲೆಕ್ಕದಲ್ಲಿ ಕುರ್ಚಿ ಮೇಜಿನ ಹಾಗೆ. ಅದಕ್ಕೇ ಎಲ್ಲವೂ ನಮ್ಮ ಕಿವಿಗೆ ಬೀಳುತ್ತದೆ.

“ಮಗು ಉಸಿರಾಡ್ತಿದೆ, ಎಲ್ಲರಿಗೂ ಸಂತೋಷ. ಆ ಹಾಳೆ ತೆಗೆದು ಹೊಸದು ಬರೀರಿ. ಹೊಸ ಹುಡುಗಿ, ಅವಳ ಜೀವನ ಯಾಕೆ ಹಾಳು ಮಾಡ್ತೀರಿ? ಸ್ವಲ್ಪ ಕರುಣೆ ಇರಲಿ,” ಎಂದರು. ಅವರ ದನಿ ಎಣ್ಣೆ ಸವರಿದ ಹಾಗಿತ್ತು. ಹೊಸ ಸಿಸ್ಟರ ಅಪ್ಪನನ್ನು ಎಳೆದು ಬೈದ ಬಾಯಿಯೇ ಅದು.

“ಸರ್, ನಾಳೆಯಿಂದ ಈ ಮಗುಗೆ ನಡುಕ ಬರಬಹುದು. ಆಕಳಿಕೆ, ಸೀನು, ಬೆವರು, ಭೇದಿ. ಇಷ್ಟು ದಿನ ಮೈಯೊಳಗಿದ್ದ ಔಷಧಿ ನಿಂತಾಗ ಹಾಗಾಗುತ್ತೆ. ಒಳಗೆ ಎಷ್ಟು ಹೋಗಿದೆ ಅಂತ ಬರೆದಿಲ್ಲ ಅಂದ್ರೆ, ಅದನ್ನೂ ಇನ್ನೊಂದು ಕಾಯಿಲೆ ಅಂತೀರಿ. ಇನ್ನೊಂದು ಸ್ಕ್ಯಾನು, ಇನ್ನೊಂದು ತೂತು. ನನಗೆ ಅಂಕಿ ಬೇಕು.”

“ಯಾರ ಸಾಕ್ಷಿ ಮೇಲೆ ಬರೀತೀರಿ?”

ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಕೋಲು ಗೋಡೆಗೆ ಒರಗಿಸಿ ಅವಳ ಬಳಿ ಹೋದೆ. ಹಾಳೆಯಲ್ಲಿ ನಾಲ್ಕು ದಿನದ ಒಂಬತ್ತೂವರೆಯ ಜಾಗದಲ್ಲಿ ಅವಳು ಕೆಂಪು ಶಾಯಿಯಲ್ಲಿ ಬರೆದಳು: ಎರಡು, ಮೂರು, ನಾಲ್ಕು, ನಾಲ್ಕು. ಹೊಸ ಸಿಸ್ಟರ್ ಅಳುತ್ತಾ ಸಹಿ ಹಾಕಿದಳು. ನಾನು ನನ್ನ ಹೆಸರನ್ನು ಒಂದೊಂದೇ ಅಕ್ಷರ ಜೋಡಿಸಿ ಬರೆದೆ. ದೊಡ್ಡ ಡಾಕ್ಟರು, “ನಿಮ್ಮ ಬಗ್ಗೆ ಮೇಲೆ ಮಾತಾಡಬೇಕಾಗುತ್ತೆ ಸಿಸ್ಟರ್,” ಎಂದು ಹೊರಟುಹೋದರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

“ಇನ್ನು ತಂದೆತಾಯಿಗೆ,” ಎಂದಳು ಅವಳು.

“ಅದು ಬೇಡ ಸಿಸ್ಟರ್, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದಳು ಹೊಸ ಸಿಸ್ಟರ್.

“ಬೀಳೋದಾದ್ರೆ ಅವರ ಕಾಲಿಗೆ ಬೀಳು.”

ಆ ಹೊತ್ತಿಗೆ ಕಂಡಕ್ಟರು ಮತ್ತು ಹೆಂಡತಿ ಹಾಸಿಗೆಯ ಬಳಿ ಇದ್ದರು. ತಾಯಿ ಮಗಳ ಪಾದ ಎರಡನ್ನೂ ಅಂಗೈಯಲ್ಲಿ ಹಿಡಿದು ಕೂತಿದ್ದಳು. ಹೊಸ ಸಿಸ್ಟರನ್ನು ಕಂಡು, “ಬನ್ನಿ ಸಿಸ್ಟರ್, ಅಷ್ಟು ದಿನವೂ ಇವಳ ಹಣೆ ಸವರಿ ಸವರಿ ನೋಡ್ಕೊಂಡ್ರಿ,” ಎಂದು ಕೈ ಮುಗಿಯಲು ಎದ್ದಳು. ನಾನು ಮುಖ ತಿರುಗಿಸಿ ಬಟ್ಟಲಿಗೆ ನೀರು ತುಂಬಿದೆ.

ಹಾಳೆ ಸಿಸ್ಟರ್ ಹಾಳೆಯಲ್ಲಿ ನಮ್ಮಿಬ್ಬರ ಸಹಿ ತೋರಿಸಿ ಹೇಳಿದಳು. ಸುತ್ತುಬಳಸು ಏನೂ ಇಲ್ಲ. “ಈ ನಾಲ್ಕು ದಿನ ನಿಮ್ಮ ಮಗಳು ಏಳದೆ ಮಲಗಿದ್ದು ಕಾಯಿಲೆಯಿಂದ ಅಲ್ಲ. ವಾರ್ಡು ಚೆಂದ ಕಾಣಲಿ ಅಂತ ನಮ್ಮವರು ಔಷಧಿ ಹಾಕಿದ್ರು. ಅದನ್ನ ಬರೀಲಿಲ್ಲ. ಅದರಿಂದಲೇ ಗಂಟಲಿಗೆ ತೂತು ಮಾಡೋ ಮಾತು ಬಂದಿದ್ದು. ವಾರ್ಡು ನನ್ನದು. ನಾಲ್ಕು ದಿನದ ಅಂಕಿ ನನ್ನ ಕಣ್ಣೆದುರೇ ಇದ್ರೂ ನಾನು ಹಿಡೀಲಿಲ್ಲ.”

ಕಂಡಕ್ಟರ ಕೈ ಮುಷ್ಟಿಯಾಯಿತು. ಯಾರಿಗೆ ಹೊಡೆಯಬೇಕೆಂದು ತಿಳಿಯದೆ ಅವರು ಮಂಚದ ಕಂಬಿಯನ್ನು ಹಿಡಿದುಕೊಂಡರು. ತಾಯಿ ಮತ್ತೆ ಮಗಳ ಪಾದ ಹಿಡಿದು ಕೇಳಿದಳು: “ದಿನಾ ಮಧ್ಯಾಹ್ನ ಬಂದು ಅವಳ ಕಿವೀಲಿ ಮಾತಾಡ್ತಿದ್ದೆ. ಅದು ಕೇಳಿಸ್ತಿತ್ತಾ?”

“ಗೊತ್ತಿಲ್ಲಮ್ಮ,” ಎಂದಳು ಸಿಸ್ಟರ್. “ಹ್ಞೂಂ ಅಂತ ಸುಳ್ಳು ಹೇಳಲ್ಲ.”

ಹುಡುಗಿ ಮತ್ತೆ ಕೆಮ್ಮಿದಳು. ಬಾಯಿಯಿಂದ ನೊರೆ ಗಲ್ಲಕ್ಕೆ ಇಳಿಯಿತು. ಹೊಸ ಸಿಸ್ಟರ್ ಬಗ್ಗಿದಳು. ತಾಯಿ ಅವಳ ಕೈಯನ್ನು, ಹೊಲಿಗೆಯ ಬಟ್ಟೆಯಿಂದ ದಾರದ ತುಂಡು ಎತ್ತಿ ಬಿಸಾಡುವ ಹಾಗೆ, ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ನಾನು ಒದ್ದೆ ಬಟ್ಟೆ ಹಿಡಿದು ಮುಂದೆ ಹೋದೆ. ಹತ್ತು ದಿನವೂ ಅವಳ ಮೈ ಒರೆಸಿದವಳು ನಾನೇ.

“ಆ ಹಾಳೇಲಿ ನೋಡಿದೆ ಅಂತ ಸಹಿ ಹಾಕಿದ್ದು ನೀವೇ ಅಲ್ವಾ?” ಎಂದಳು ತಾಯಿ.

“ಹೌದಮ್ಮ.”

“ಹಾಗಾದ್ರೆ ನೀವೂ ಮುಟ್ಟಬೇಡಿ.”

ಬಟ್ಟೆಯನ್ನು ಬಟ್ಟಲಿಗೆ ಹಾಕಿ ಹಿಂದೆ ಸರಿದೆ. ಹಾಳೆ ಸಿಸ್ಟರ್ ಅಲ್ಲೇ ನಿಂತಿದ್ದಳು, ತಾಯಿಯ ಮುಖ ನೋಡುತ್ತಾ, ತಾನಾಗಿ ಕೈ ಮುಂದೆ ಚಾಚದೆ. ತಾಯಿ ಮಗಳನ್ನು ನೋಡಿದಳು, ಇವಳನ್ನು ನೋಡಿದಳು, ಮತ್ತೆ ಮಗಳನ್ನು ನೋಡಿದಳು. ಕೊನೆಗೆ ಬಟ್ಟಲಿನಿಂದ ಬಟ್ಟೆ ತೆಗೆದು, ತಾನೇ ಹಿಂಡಿ, ಅವಳ ಕೈಗೆ ಕೊಟ್ಟು, “ಹೇಗೆ ಒರೆಸ್ಬೇಕು, ನನಗೆ ತೋರಿಸಿ,” ಎಂದಳು.